ಆಂಟ್ವರ್ಪ್‌ನ ಹಿಮದಲ್ಲಿ ಬೆಳಗಾವಿಯ ಪಾಲು

ಅಲಖನೂರಿನಲ್ಲಿ ಜನವರಿ ಕೊನೆಯೆಂದರೆ ಕಬ್ಬು ಕಡಿಯುವ ಹೊತ್ತು. ಇಂಥ ರಾಯಬಾಗ ಸೀಮೆಯ ಶಾಲೆಗಳು ಚಳಿಗಾಲದ ಒಲಿಂಪಿಕ್ಸ್‌ನ ಚರಿತ್ರೆಯನ್ನು ಹಬ್ಬ ಮಾಡಿ ಆಚರಿಸಲಿ ಎಂದರೆ, ನಮಗೂ ಹಿಮಕ್ಕೂ ಎಲ್ಲಿಯ ನಂಟು ಎಂಬ ಪ್ರಶ್ನೆ ಬಂದೇ ಬರುತ್ತದೆ. ನಂಟಿದೆ, ಅದಕ್ಕೆ ನೂರು ವರ್ಷ ದಾಟಿದೆ. ಐಸ್ ಹಾಕಿ ಮೊದಲ ಸಲ ಒಲಿಂಪಿಕ್ಸ್ ಸೇರಿದ್ದು 1920ರ ಆಂಟ್ವರ್ಪ್‌ ಕೂಟದಲ್ಲಿ. ಗೆದ್ದದ್ದು ಕೆನಡಾದ ವಿನ್ನಿಪೆಗ್ ಫಾಲ್ಕನ್ಸ್ ತಂಡ, ಅದರಲ್ಲಿ ಬಹುಪಾಲು ಐಸ್‌ಲ್ಯಾಂಡಿನಿಂದ ವಲಸೆ ಹೋದವರ ಮಕ್ಕಳು. ಅದೇ ಕೂಟದ ಮ್ಯಾರಥಾನ್‌ನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಓಡಿದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡೆಗಳಲ್ಲಿ ರೈತರ ಬರಿಗಾಲ ಓಟ ಕಂಡು ಬೆರಗಾದ ದೊರಾಬ್ಜಿ ಟಾಟಾ ಭಾರತದ ತಂಡವನ್ನು ಅಲ್ಲಿಗೆ ಕಳಿಸಲು ಮುಂದೆ ನಿಂತರು. ಮ್ಯಾರಥಾನ್ ಗೆದ್ದವರು ಫಿನ್‌ಲ್ಯಾಂಡಿನ ಹಾನೆಸ್ ಕೊಲೆಮೈನೆನ್, 2 ಗಂಟೆ 32 ನಿಮಿಷದಲ್ಲಿ. ಚೌಗುಲೆ 2 ಗಂಟೆ 50 ನಿಮಿಷದಲ್ಲಿ ಗುರಿ ಮುಟ್ಟಿ 19ನೆಯವರಾದರು.

ಹಾಕಿ ನಡೆದದ್ದು ಏಪ್ರಿಲ್‌ನಲ್ಲಿ, ಓಟ ಆಗಸ್ಟಿನಲ್ಲಿ. ಚೌಗುಲೆ ಆ ಐಸ್ ಅಂಗಳ ಕಂಡಿರಲಿಕ್ಕೇ ಇಲ್ಲ, ಇದು ಎಳೆದು ತಂದ ನಂಟು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಚಳಿಗಾಲದ ಕೂಟದ ಚರಿತ್ರೆಯೇ ಹೀಗೆ ನಡೆದು ಬಂದದ್ದು. 1924ರಲ್ಲಿ ಶಮೋನಿಯಲ್ಲಿ ಜರುಗಿದ್ದಕ್ಕೆ ಆಗ ಒಲಿಂಪಿಕ್ಸ್ ಎಂಬ ಹೆಸರಿರಲಿಲ್ಲ, ಅದು ಬರೀ ಅಂತರರಾಷ್ಟ್ರೀಯ ಚಳಿಗಾಲ ಕ್ರೀಡಾ ಸಪ್ತಾಹ; ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂಬ ಪಟ್ಟ ಸಿಕ್ಕಿದ್ದು ಆಮೇಲೆ. 1928ರ ಸೇಂಟ್ ಮೊರಿಟ್ಜ್‌ನಲ್ಲಂತೂ ಸವಾರರಿಲ್ಲದ ಕುದುರೆಗಳು ಸ್ಕೀ ಕಟ್ಟಿಕೊಂಡವರನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ಎಳೆದೊಯ್ದವು. ನಮ್ಮ ಜಾತ್ರೆಗಳ ಗಾಡಿ ಶರ್ಯತ್ತು ನೋಡಿದವರಿಗೆ ಆ ಲಗಾಮಿನ ಬಿಗಿ, ಹಿಂದಿರುವವನ ಎದೆ ಬಡಿತ ಹೇಳಿಕೊಡಬೇಕಿಲ್ಲ. ಹಳ್ಳಿಯ ಪಂದ್ಯಗಳೇ ದೊಡ್ಡ ಕೂಟದ ಅಂಗಳ ಹೊಕ್ಕವು ಎಂಬುದನ್ನು ಮಕ್ಕಳು ಪಟ್ಟಿ ಬಾಯಿಪಾಠ ಮಾಡಿ ತಿಳಿಯಲಾರರು, ಆಡಿ ತಿಳಿಯುತ್ತಾರೆ.

ಹಾಗಾಗಿ ಇಲ್ಲಿನ ಆಚರಣೆ ಓಟದಿಂದಲೇ ಶುರುವಾಗಲಿ. ಕಬ್ಬಿನ ಹೊಲದ ಬದಿಯ ಹಾದಿಯಲ್ಲಿ ಚೌಗುಲೆಯವರ ಹೆಸರಿನಲ್ಲೊಂದು ಓಟ; ಶಾಲೆಯ ಸಿಮೆಂಟ್ ಅಂಗಳದಲ್ಲಿ ಗಾಲಿಬೂಟು ತೊಟ್ಟ ಮಕ್ಕಳ ಹಾಕಿ, ಒಂದು ತಂಡಕ್ಕೆ ಫಾಲ್ಕನ್ಸ್ ಎಂದೇ ಹೆಸರು. ಹಿಮವಿಲ್ಲದ ನಾಡಿನವರು ಬರೀ ನೋಡುಗರು ಎಂಬ ಅಳುಕಿಗೆ 1964ರಲ್ಲಿ ಇನ್ಸ್‌ಬ್ರುಕ್‌ಗೆ ಭಾರತದಿಂದ ಮೊದಲು ಹೋದ ಜೆರೆಮಿ ಬುಜಾಕೊವ್‌ಸ್ಕಿ, ಆರು ಒಲಿಂಪಿಕ್ಸ್‌ಗಳಲ್ಲಿ ಲೂಜ್ ಗಾಡಿ ಏರಿದ ಶಿವ ಕೇಶವನ್ ಅವರಿಗಿಂತ ನಮಗೆ ಹತ್ತಿರದ ಉತ್ತರ ಕೊಡಗಿನಲ್ಲಿದೆ. ಕಾಫಿ ತೋಟಗಳ ನಾಡಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕದ ಹೆಸರಿನಲ್ಲಿ ಸ್ಕೀ ಮಾಡಿ ಚಿನ್ನ ಗೆದ್ದವರು. ಓಟ ಮುಗಿಸಿದ ಪ್ರತಿ ಮಗುವಿನ ಕೈಗೆ ಚೌಗುಲೆಯವರ ಓಟದ ಸಮಯವನ್ನೂ ಭವಾನಿಯವರ ಚಿತ್ರವನ್ನೂ ಅಚ್ಚು ಹಾಕಿದ ಒಂದು ಚೀಟಿ ಕೊಟ್ಟರೆ, ಮನೆಯಲ್ಲಿ ಅದನ್ನು ಓದಿ ಹೇಳುವ ಕೆಲಸ ಮಕ್ಕಳದೇ ಆಗುತ್ತದೆ.