ಕುಟುಂಬದ ದತ್ತಿ ಟ್ರಸ್ಟ್: ಮೂಲಧನ, ಆದಾಯ ಮತ್ತು ನೆರವಿನ ಲೆಕ್ಕ

ಒಂದು ಕುಟುಂಬ ತನ್ನ ಗಳಿಕೆಯ ಒಂದು ಭಾಗವನ್ನು ಧರ್ಮಕಾರ್ಯಕ್ಕೆಂದು ಶಾಶ್ವತವಾಗಿ ತೆಗೆದಿರಿಸಿ, ಅದರ ಉತ್ಪನ್ನದಿಂದ ವಿದ್ಯಾರ್ಥಿವೇತನ, ಔಷಧೋಪಚಾರ, ಗ್ರಂಥ ಪ್ರಕಟಣೆ ಮೊದಲಾದವಕ್ಕೆ ನೆರವು ನೀಡಲು ಸ್ಥಾಪಿಸುವ ಸಂಸ್ಥೆಯನ್ನು ಖಾಸಗಿ ದತ್ತಿ ಪ್ರತಿಷ್ಠಾನ ಅಥವಾ ಕುಟುಂಬದ ದತ್ತಿ ಟ್ರಸ್ಟ್ ಎನ್ನುತ್ತಾರೆ. ಇಲ್ಲಿ ‘ಖಾಸಗಿ’ ಎಂಬುದು ಹಣ ಕೊಟ್ಟವರಿಗೆ ಮಾತ್ರ ಸಂಬಂಧಿಸಿದ್ದು. ಟ್ರಸ್ಟ್ ಪತ್ರಕ್ಕೆ ಸಹಿ ಬಿದ್ದ ಮೇಲೆ ಆ ಹಣ ಮನೆತನದ್ದಲ್ಲ, ಸಾರ್ವಜನಿಕ ದತ್ತಿ. ಅದನ್ನು ಮರಳಿ ಮನೆಗೆ ತರುವಂತಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕರಿಗೆ ಹೊಸವಲ್ಲ. ಆದರೆ ಒಮ್ಮೆ ಕೊಟ್ಟು ಮುಗಿಸುವ ದಾನಕ್ಕೂ ತಲೆಮಾರುಗಳ ತನಕ ನಡೆಯಬೇಕಾದ ದತ್ತಿಗೂ ವ್ಯತ್ಯಾಸವಿದೆ. ದತ್ತಿ ಉಳಿಯಲು ಮೂಲಧನ, ಬರೆದಿಟ್ಟ ಉದ್ದೇಶ ಮತ್ತು ತೆರೆದಿಟ್ಟ ಲೆಕ್ಕ ಮೂರೂ ಬೇಕು.

ಹಳೆಯ ದತ್ತಿಗಳು ಕಲಿಸುವುದು

ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ಗಂಗರ ಹೆಸರಿನ ಗಂಗಪೆರ್ಮಾಡಿ ಜಿನಾಲಯವಿತ್ತು. ಚೋಳರ ದಾಳಿಯಲ್ಲಿ ಅದು ಹಾಳಾಯಿತು. ಬೆಳ್ವೊಲ ನಾಡನ್ನು ಆಳುತ್ತಿದ್ದ ಮಂಡಳಿಕ ಲಕ್ಷ್ಮರಸನು ಅದನ್ನು ಜೀರ್ಣೋದ್ಧಾರ ಮಾಡಿಸಿ, ದತ್ತಿಯನ್ನು ಮತ್ತೆ ಊರ್ಜಿತಗೊಳಿಸಿ ತ್ರಿಭುವನಚಂದ್ರ ಮುನಿಗಳಿಗೆ ಒಪ್ಪಿಸಿದ. ಚಾಲುಕ್ಯ ಎರಡನೆಯ ಸೋಮೇಶ್ವರನ ಕಾಲದ, 1071-72ರ ಗಾವರವಾಡ ಶಾಸನದಿಂದ ಇದು ತಿಳಿಯುತ್ತದೆ. ಯಾರು ಕೊಟ್ಟರು, ಯಾತಕ್ಕೆ ಕೊಟ್ಟರು, ಯಾರ ಕೈಗೆ ಒಪ್ಪಿಸಿದರು ಎಂಬುದನ್ನು ಬರೆದಿಡುವ ಕೆಲಸವನ್ನು ಅಂದು ದಾನಶಾಸನ ಮಾಡುತ್ತಿತ್ತು. ಇಂದು ಅದನ್ನು ಟ್ರಸ್ಟ್ ಪತ್ರ ಮಾಡುತ್ತದೆ.

ಅಂದಿನ ದತ್ತಿಗಳ ಮೂಲಧನ ಬಹುಮಟ್ಟಿಗೆ ಭೂಮಿ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರರು ಉಳುಮೆ ಮಾಡುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ ವರ್ಷಾಶನ ಉಳಿಯಿತು. ಒಂದೇ ಬಗೆಯ ಆಸ್ತಿಯನ್ನು ನಂಬಿದ ದತ್ತಿ ಎಷ್ಟು ದುರ್ಬಲ ಎಂಬುದಕ್ಕೆ ಇದೇ ಉದಾಹರಣೆ.

ಇತ್ತೀಚಿನ ಕಾಲದಲ್ಲಿ ನಗದು ಮೂಲಧನದ ಪ್ರತಿಷ್ಠಾನಗಳು ಬೆಳೆದವು. ಸಾಹು ಶಾಂತಿಪ್ರಸಾದ ಜೈನ್ ಮತ್ತು ರಮಾ ಜೈನ್ ದಂಪತಿ 1944ರಲ್ಲಿ ಸ್ಥಾಪಿಸಿದ ಭಾರತೀಯ ಜ್ಞಾನಪೀಠ ಇವುಗಳಲ್ಲಿ ಪ್ರಸಿದ್ಧವಾದುದು. ಪ್ರಾಕೃತ, ಸಂಸ್ಕೃತ ಜೈನ ಗ್ರಂಥಗಳನ್ನು ಅದು ಮೂರ್ತಿದೇವಿ ಗ್ರಂಥಮಾಲೆಯಲ್ಲಿ ಪ್ರಕಟಿಸಿತು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆ ಆ ಮಾಲೆಯ ಪ್ರಧಾನ ಸಂಪಾದಕರಲ್ಲೊಬ್ಬರು. ಅದೇ ಸಂಸ್ಥೆ 1965ರಿಂದ ಎಲ್ಲ ಭಾರತೀಯ ಭಾಷೆಗಳ ಸಾಹಿತಿಗಳಿಗೆ ತೆರೆದಿಟ್ಟ ಪ್ರಶಸ್ತಿ 1973ರಲ್ಲಿ ಧಾರವಾಡದ ದ. ರಾ. ಬೇಂದ್ರೆಯವರಿಗೆ ಬಂತು. ಒಂದು ಜೈನ ಮನೆತನದ ದತ್ತಿ ಸಮಾಜದ ಗ್ರಂಥಗಳನ್ನೂ ಕಾಪಾಡಿತು, ನಾಡಿಗೂ ಸಂದಿತು.

ಸ್ಥಾಪನೆ

ಟ್ರಸ್ಟ್ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ರೂಢಿಯ ಕ್ರಮ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿ, ಇಲ್ಲವೇ 2013ರ ಕಂಪನಿ ಕಾಯ್ದೆಯ 8ನೇ ಕಲಂ ಪ್ರಕಾರ ಲಾಭರಹಿತ ಕಂಪನಿಯಾಗಿಯೂ ಸ್ಥಾಪಿಸಬಹುದು. ಉದ್ದೇಶಗಳು, ಟ್ರಸ್ಟಿಗಳ ನೇಮಕ ಮತ್ತು ಅವಧಿ, ಬ್ಯಾಂಕ್ ಖಾತೆಗೆ ಸಹಿ ಮಾಡುವವರು, ವಿಸರ್ಜನೆಯಾದರೆ ಆಸ್ತಿ ಇದೇ ಉದ್ದೇಶದ ಬೇರೆ ಟ್ರಸ್ಟಿಗೆ ಸೇರಬೇಕೆಂಬ ಷರತ್ತು, ಇವು ಪತ್ರದಲ್ಲಿ ಸ್ಪಷ್ಟವಾಗಿರಬೇಕು.

ತೆರಿಗೆ ವಿನಾಯಿತಿಗೆ ಆದಾಯ ತೆರಿಗೆ ಇಲಾಖೆಯಲ್ಲಿ 12ಎಬಿ ಕಲಂ ಪ್ರಕಾರ ಪ್ರತ್ಯೇಕ ನೋಂದಣಿ ಬೇಕು. ದಾನಿಗಳಿಗೆ ತೆರಿಗೆ ಕಡಿತ ಸಿಗಬೇಕಾದರೆ 80ಜಿ ಅನುಮೋದನೆಯೂ ಬೇಕು. 1961ರ ಆದಾಯ ತೆರಿಗೆ ಕಾಯ್ದೆಯ ಬದಲು 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ನಿಗದಿಯಾಗಿದೆ. ಅದರಲ್ಲಿ ಇಂಥ ಟ್ರಸ್ಟುಗಳ ನಿಯಮಗಳೆಲ್ಲ ಒಂದೇ ಕಡೆ ಬಂದಿವೆ, ಕಲಂ ಸಂಖ್ಯೆಗಳು ಬದಲಾಗಿವೆ. ಇಲ್ಲಿ ಕೊಟ್ಟಿರುವುದು ಜನರಿಗೆ ಪರಿಚಿತವಾದ ಹಳೆಯ ಸಂಖ್ಯೆಗಳು.

ಆದಾಯ ಮತ್ತು ಶೇ. 85ರ ನಿಯಮ

ಟ್ರಸ್ಟಿನ ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ರಷ್ಟು ಅದೇ ವರ್ಷ ಉದ್ದೇಶಕ್ಕೆ ವಿನಿಯೋಗವಾಗಬೇಕು. ಉಳಿದ ಶೇ. 15ನ್ನು ಕೂಡಿಡಬಹುದು. ಮೂಲಧನಕ್ಕೆಂದೇ ಲಿಖಿತವಾಗಿ ಬಂದ ದೇಣಿಗೆಯನ್ನು ಕಾಯ್ದೆ ಒಪ್ಪಿದ ಹೂಡಿಕೆಯಲ್ಲಿ ಬೇರೆಯಾಗಿ ಇಟ್ಟರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಉದಾಹರಣೆಗೆ, ಕಲಘಟಗಿಯ ಒಂದು ಕುಟುಂಬ 50 ಲಕ್ಷ ರೂಪಾಯಿ ಮೂಲಧನವನ್ನು ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಮುದ್ದತಿ ಠೇವಣಿ ಇಟ್ಟಿತೆನ್ನೋಣ. ವರ್ಷದ ಆದಾಯ 3,50,000 ರೂಪಾಯಿ. ಅದರಲ್ಲಿ 2,97,500 ರೂಪಾಯಿ ಆ ವರ್ಷವೇ ವಿನಿಯೋಗವಾಗಬೇಕು. ಉಳಿಸಿಕೊಳ್ಳಬಹುದಾದದ್ದು 52,500 ರೂಪಾಯಿ, ಅಂದರೆ ಮೂಲಧನದ ಶೇ. 1ಕ್ಕಿಂತ ತುಸು ಹೆಚ್ಚು. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಈ ಉಳಿತಾಯ ಮೂಲಧನದ ಬೆಲೆಯನ್ನು ಕಾಯಲು ಸಾಲದು. ಇಂದು ಹತ್ತು ವಿದ್ಯಾರ್ಥಿಗಳ ಶುಲ್ಕ ಕಟ್ಟುವ ದತ್ತಿ ಮುಂದಿನ ತಲೆಮಾರಿನಲ್ಲಿ ಐವರದನ್ನೂ ಕಟ್ಟಲಾರದು. ಮನೆಯ ಮದುವೆ, ಪುಣ್ಯತಿಥಿ, ಪಂಚಕಲ್ಯಾಣಗಳ ನಿಮಿತ್ತ ಮೂಲಧನಕ್ಕೆ ಆಗಾಗ ಸೇರಿಸುತ್ತ ಹೋಗುವ ಪದ್ಧತಿ ಇದಕ್ಕೇ ಅಗತ್ಯ.

ಶೇ. 85ರಷ್ಟು ಖರ್ಚಾಗದಿದ್ದರೆ, ನಿರ್ದಿಷ್ಟ ಉದ್ದೇಶವನ್ನು ಇಲಾಖೆಗೆ ನಿಗದಿತ ನಮೂನೆಯಲ್ಲಿ ತಿಳಿಸಿ ಐದು ವರ್ಷದವರೆಗೆ ಕೂಡಿಡಲು ಅವಕಾಶವಿದೆ. ಹೀಗೆ ಕೂಡಿಟ್ಟ ಹಣವನ್ನು ಬೇರೆ ಟ್ರಸ್ಟಿಗೆ ಕೊಡುವಂತಿಲ್ಲ.

ನೆರವು ನೀಡುವ ಕ್ರಮ

ವಿನಿಯೋಗವೆಂದರೆ ನಿಜವಾಗಿ ಪಾವತಿಯಾದದ್ದು ಮಾತ್ರ. ಮಾರ್ಚ್‌ನಲ್ಲಿ ಘೋಷಿಸಿ ಏಪ್ರಿಲ್‌ನಲ್ಲಿ ಕೊಟ್ಟ ವಿದ್ಯಾರ್ಥಿವೇತನ ಹಿಂದಿನ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದೂ ವಿನಿಯೋಗ ಎನಿಸುವುದಿಲ್ಲ. ವೇದಿಕೆಯ ಮೇಲೆ ಲಕೋಟೆ ಕೊಟ್ಟು ಗೌರವಿಸಬಹುದು. ಹಣ ಮಾತ್ರ ವಿದ್ಯಾರ್ಥಿಯ ಅಥವಾ ಕಾಲೇಜಿನ ಬ್ಯಾಂಕ್ ಖಾತೆಗೆ ಹೋಗುವುದು ಕ್ಷೇಮ.

ಬೇರೆ ನೋಂದಾಯಿತ ಟ್ರಸ್ಟಿಗೆ ಒಂದು ಲಕ್ಷ ಕೊಟ್ಟರೆ, 2023ರ ಏಪ್ರಿಲ್‌ನಿಂದ ಅದರಲ್ಲಿ 85,000 ರೂಪಾಯಿಯನ್ನು ಮಾತ್ರ ವಿನಿಯೋಗವೆಂದು ಪರಿಗಣಿಸುತ್ತಾರೆ. ಆ ಟ್ರಸ್ಟಿನ ಮೂಲಧನಕ್ಕೆಂದು ಕೊಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ.

ಸ್ಥಾಪಕರು, ಟ್ರಸ್ಟಿಗಳು ಮತ್ತು ಅವರ ಬಂಧುಗಳಿಗೆ ಟ್ರಸ್ಟಿನ ಹಣದಿಂದ ಪ್ರಯೋಜನವಾಗಬಾರದು (13ನೇ ಕಲಂ). ಅಣ್ಣನ ಮಗ ನಿಜಕ್ಕೂ ಅರ್ಹ ವಿದ್ಯಾರ್ಥಿಯೇ ಇರಬಹುದು. ಅವನ ಶುಲ್ಕವನ್ನು ಮನೆಯ ಹಣದಿಂದ ಕಟ್ಟಬೇಕು. ಅರ್ಜಿ, ಅಂಕಪಟ್ಟಿ, ಆಯ್ಕೆ ಸಭೆಯ ನಡಾವಳಿ ಮತ್ತು ಪಾವತಿ ರಸೀದಿಗಳನ್ನು ಪ್ರತಿ ನೆರವಿಗೂ ಕಡತದಲ್ಲಿಟ್ಟರೆ ಆಯ್ಕೆಯ ಬಗ್ಗೆ ಮಾತು ಬರುವುದಿಲ್ಲ.

‘ನಮ್ಮ ಸಮಾಜಕ್ಕೆ ಮಾತ್ರ’ ಎಂಬ ಷರತ್ತು

ಜೈನ ಕುಟುಂಬಗಳು ಟ್ರಸ್ಟ್ ಪತ್ರ ಬರೆಸುವಾಗ ಹೆಚ್ಚು ಎಚ್ಚರ ವಹಿಸಬೇಕಾದ ಸಾಲು ಇದು. 1961ರ ಕಾಯ್ದೆ ಜಾರಿಯಾದ ನಂತರ ಸ್ಥಾಪನೆಯಾದ ದತ್ತಿ ಟ್ರಸ್ಟ್ ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯ ಅಥವಾ ಜಾತಿಯ ಪ್ರಯೋಜನಕ್ಕಾಗಿ ಮಾತ್ರ ಇದ್ದರೆ ಅದಕ್ಕೆ ವಿನಾಯಿತಿ ದಕ್ಕುವುದಿಲ್ಲ (13(1)(ಬಿ)). 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತರೂ ತೆರಿಗೆಯ ಈ ನಿಯಮ ಬದಲಾಗಿಲ್ಲ.

ಕೇವಲ ಧಾರ್ಮಿಕ ಉದ್ದೇಶದ ಟ್ರಸ್ಟ್, ಅಂದರೆ ಬಸದಿಯ ಪೂಜೆ, ಮುನಿಸಂಘದ ಸೇವೆ ಮುಂತಾದವುಗಳದ್ದು, ಬೇರೆ ವರ್ಗ. ಅದು ಸಮಾಜಕ್ಕೆ ಸೀಮಿತವಾಗಿದ್ದರೂ ವಿನಾಯಿತಿ ಪಡೆಯಬಹುದು. ಆದರೆ ಅದರ ದಾನಿಗಳಿಗೆ ಸಾಮಾನ್ಯವಾಗಿ 80ಜಿ ಸೌಲಭ್ಯ ಇರುವುದಿಲ್ಲ. ಧಾರ್ಮಿಕ ಮತ್ತು ಸೇವಾ ಉದ್ದೇಶಗಳೆರಡೂ ಇರುವ ಟ್ರಸ್ಟಿನ ಪ್ರಯೋಜನ ಒಂದೇ ಸಮುದಾಯಕ್ಕೆ ಸೀಮಿತವಾಗಿಲ್ಲದಿದ್ದರೆ ವಿನಾಯಿತಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ದಾವೂದಿ ಬೊಹ್ರಾ ಜಮಾತ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಬಸದಿಗೆ ಒಂದು ಟ್ರಸ್ಟ್, ವಿದ್ಯೆ ಮತ್ತು ಆರೋಗ್ಯದ ನೆರವಿಗೆ ಎಲ್ಲರಿಗೂ ತೆರೆದ ಇನ್ನೊಂದು ಟ್ರಸ್ಟ್ ಎಂದು ಬೇರ್ಪಡಿಸುವುದು ಸರಳ ದಾರಿ.

ಗುಪ್ತದಾನ

ಹೆಸರು ಬೇಡವೆನ್ನುವ ದಾನಿಗೆ ಸಮಾಜದಲ್ಲಿ ವಿಶೇಷ ಗೌರವವಿದೆ. ಆದರೆ ದಾನಿಯ ಹೆಸರು, ವಿಳಾಸ ದಾಖಲಿಸದೆ ಪಡೆದ ದೇಣಿಗೆ ಕಾಯ್ದೆಯ ಕಣ್ಣಿನಲ್ಲಿ ಅನಾಮಧೇಯ. ಒಟ್ಟು ದೇಣಿಗೆಯ ಶೇ. 5 ಅಥವಾ ಒಂದು ಲಕ್ಷ ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದ ಅನಾಮಧೇಯ ಹಣಕ್ಕೆ ಶೇ. 30 ತೆರಿಗೆ ಬೀಳುತ್ತದೆ. ಪೂರ್ಣ ಧಾರ್ಮಿಕ ಟ್ರಸ್ಟಿಗೆ, ಉದಾಹರಣೆಗೆ ಬಸದಿಯ ಹುಂಡಿಗೆ, ಇದು ಅನ್ವಯಿಸುವುದಿಲ್ಲ. ದಾನಿಯ ಹೆಸರನ್ನು ಫಲಕದ ಮೇಲೆ ಹಾಕದಿರಬಹುದು. ಟ್ರಸ್ಟಿನ ವಹಿಯಲ್ಲಿ ಬರೆದುಕೊಳ್ಳಲೇಬೇಕು.

2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಕ್ತಿಗಳಿಗೂ ಈ ಕಡಿತ ಸಿಗುವುದಿಲ್ಲ.

ತಪ್ಪಿದರೆ ಏನಾಗುತ್ತದೆ

ತೆರಿಗೆ ನೋಂದಣಿ ಒಮ್ಮೆ ಮಾಡಿಸಿ ಮರೆಯುವಂಥದ್ದಲ್ಲ. ಅದರ ಸಾಮಾನ್ಯ ಅವಧಿ ಐದು ವರ್ಷ. ಸಣ್ಣ ಟ್ರಸ್ಟುಗಳಿಗೆ ಹತ್ತು ವರ್ಷದ ಅವಕಾಶವನ್ನು 2025ರ ಹಣಕಾಸು ಕಾಯ್ದೆ ಕೊಟ್ಟಿದೆ. 2021ರಲ್ಲಿ ಮರುನೋಂದಣಿಯಾದ ಹಲವು ಟ್ರಸ್ಟುಗಳ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು.

ನೋಂದಣಿ ರದ್ದಾದರೆ, ಅಥವಾ ಸಕಾಲಕ್ಕೆ ನವೀಕರಣಕ್ಕೆ ಅರ್ಜಿ ಹಾಕದಿದ್ದರೆ, ಆ ವರ್ಷದ ಆದಾಯಕ್ಕಷ್ಟೇ ತೆರಿಗೆ ಬೀಳುವುದಿಲ್ಲ. ಸಾಲ ಕಳೆದು ಉಳಿದ ಒಟ್ಟು ಆಸ್ತಿಯ ಮಾರುಕಟ್ಟೆ ಬೆಲೆಯ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ವಿಧಿಸಬಹುದು (115ಟಿಡಿ). ಹಿರಿಯರು ಕೂಡಿಟ್ಟ ಮೂಲಧನದ ದೊಡ್ಡ ಪಾಲು ಒಂದು ಅರ್ಜಿಯ ನಿರ್ಲಕ್ಷ್ಯದಿಂದ ಕರಗಬಹುದು.

ಪ್ರತಿ ಟ್ರಸ್ಟ್ ತನ್ನ ನೋಂದಣಿಯ ಕೊನೆಯ ದಿನಾಂಕ, ಲೆಕ್ಕಪರಿಶೋಧಕರ ವರದಿ ಮತ್ತು ವರ್ಷದಲ್ಲಿ ನೀಡಿದ ನೆರವಿನ ಪಟ್ಟಿಯನ್ನು ವಾರ್ಷಿಕ ಸಭೆಯಲ್ಲಿ ಓದಿ ದಾಖಲಿಸುವುದು ಒಳ್ಳೆಯದು. ಟ್ರಸ್ಟಿಗಳಲ್ಲಿ ಒಬ್ಬರಾದರೂ ಮನೆತನದ ಹೊರಗಿನವರಿರಲಿ, ಒಬ್ಬರಾದರೂ ಮುಂದಿನ ತಲೆಮಾರಿನವರಿರಲಿ. ಅಣ್ಣಿಗೇರಿಯ ದತ್ತಿಯನ್ನು ಲಕ್ಷ್ಮರಸ ಮತ್ತೆ ಎತ್ತಿ ನಿಲ್ಲಿಸಿದ್ದು ಹೀಗೆ ಹೊಣೆ ಹೊರುವವರು ಇದ್ದುದರಿಂದಲೇ.