ತೆರೆಯ ಮೇಲಿನ ತಾಯಿಗೆ ವಯಸ್ಸೆಷ್ಟು?

ಚಲನಚಿತ್ರದ ತಾಯಿ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಯಾರು? ಮಾಸಲು ಸೀರೆ, ನರೆತ ಕೂದಲು, ಹೊಲಿಗೆಯಂತ್ರದ ಮುಂದೆ ಬಾಗಿದ ಬೆನ್ನು, ಮಗನ ದಾರಿ ಕಾಯುವ ತೇವಗೊಂಡ ಕಣ್ಣುಗಳು. ನಾಯಕ ಎಂದೊಡನೆ ಬರುವುದು ಯಾರು? ಐವತ್ತು ದಾಟಿದರೂ ಕಾಲೇಜಿನ ಮೆಟ್ಟಿಲೇರಿ ಬರುವ ಚಿರಯುವಕ. ಈ ಎರಡು ಚಿತ್ರಗಳ ನಡುವೆ ವಯಸ್ಸಿನ ಒಂದು ವಿಚಿತ್ರ ಲೆಕ್ಕ ಅಡಗಿದೆ. ನಾವು ಹಣ ಕೊಟ್ಟು ನೋಡಿದ್ದೇವೆ, ಕಣ್ಣೀರಿಟ್ಟಿದ್ದೇವೆ. ಆದರೆ ಆ ಲೆಕ್ಕವನ್ನು ಮಾತ್ರ ಕೇಳಿಲ್ಲ. ಅದರ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಅದನ್ನೊಮ್ಮೆ ಅವಲೋಕಿಸೋಣ ಬನ್ನಿ.

ಪುರುಷನೇ ಸ್ತ್ರೀಯಾಗಿದ್ದ ಕಾಲ

1913ನೆಯ ವರ್ಷವನ್ನು ಗಮನಿಸಿ. ಆ ವರ್ಷ ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಬಿಡುಗಡೆಯಾಯಿತು. ಗೌರವಸ್ಥ ಮನೆತನದ ಸ್ತ್ರೀಯರು ಕ್ಯಾಮರಾದ ಮುಂದೆ ನಿಲ್ಲುವುದು ಅಪಮಾನವೆಂದು ಭಾವಿಸಲಾಗಿದ್ದ ಕಾಲವದು. ಆದ್ದರಿಂದ ತಾರಾಮತಿಯ ಪಾತ್ರವನ್ನು ಉಪಾಹಾರಗೃಹವೊಂದರಲ್ಲಿ ಅಡುಗೆ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ ವಹಿಸಿದನು. ಇದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಆದನು, ಸೀತೆಯೂ ಆದನು! ಅದೇ 1913ರಲ್ಲಿ ಫಾಲ್ಕೆಯವರ ಎರಡನೆಯ ಚಿತ್ರ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಪಾರ್ವತಿಯಾಗಿಯೂ ಅವರ ಎಳೆಯ ಮಗಳು ಕಮಲಾಬಾಯಿ ಮೋಹಿನಿಯಾಗಿಯೂ ಅಭಿನಯಿಸಿ ಈ ಕಟ್ಟನ್ನು ಮುರಿದರು. ಭಾರತೀಯ ತೆರೆಯ ಮೇಲಿನ ಮೊದಲ ಸ್ತ್ರೀಯರು ಒಬ್ಬ ತಾಯಿ ಮತ್ತು ಆಕೆಯ ಮಗಳು ಎಂಬುದು ನೆನಪಿಡಬೇಕಾದ ಮಾತು.

ರಂಗಭೂಮಿಯ ಸ್ಥಿತಿಯೂ ಹೀಗೆಯೇ ಇತ್ತು. 1888ರಲ್ಲಿ ಹುಟ್ಟಿದ ಮರಾಠಿ ನಟ ಬಾಲಗಂಧರ್ವರು ನಲವತ್ತು ದಾಟಿದ ಮೇಲೂ ನವಯುವತಿಯ ಪಾತ್ರಗಳಲ್ಲಿ ಮೆರೆದರು. ಅವರು ಸೀರೆ ಉಡುತ್ತಿದ್ದ ರೀತಿಯನ್ನೂ ಹೂ ಮುಡಿಯುತ್ತಿದ್ದ ಬಗೆಯನ್ನೂ ಸ್ಥಿತಿವಂತ ಮನೆಗಳ ಸ್ತ್ರೀಯರು ಅನುಕರಿಸಿದರು. ಸ್ತ್ರೀ ಹೇಗಿರಬೇಕು ಎಂಬ ಮಾದರಿಯನ್ನು ಪುರುಷನೊಬ್ಬನು ತನ್ನ ಮೈಮೇಲೆ ರಚಿಸಿದನು. ನಿಜವಾದ ಸ್ತ್ರೀಯರು ಆ ಮಾದರಿಯಲ್ಲಿ ತಮ್ಮನ್ನು ತಿದ್ದಿಕೊಂಡರು. ಅವರ ಕಲೆ ಅಸಾಧಾರಣವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಮಾಧ್ಯಮದ ಶಕ್ತಿ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಅದೇ 1913ರಲ್ಲಿ ನಮ್ಮ ಕನ್ನಡದಲ್ಲಿ ಇನ್ನೊಂದು ಘಟನೆ ನಡೆಯಿತು. ಹದಿನಾಲ್ಕನೆಯ ವಯಸ್ಸಿಗೇ ವೈಧವ್ಯ ಅನುಭವಿಸಿದ ನಂಜನಗೂಡು ತಿರುಮಲಾಂಬ ತಮ್ಮ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ವಿಧವೆಯ ಮುಖ ಕಂಡರೆ ಅಪಶಕುನವೆಂದು ದಾರಿ ಬದಲಿಸುತ್ತಿದ್ದ ಸಮಾಜದಲ್ಲಿ ಒಬ್ಬ ವಿಧವೆ ಸಂಪಾದಕಿಯಾಗಿ ಮಾತನಾಡಿದರು. 1921ರಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿದರು. ಅತ್ತ ರಂಗದ ಮೇಲೆ ಸ್ತ್ರೀಯ ಮಾತನ್ನು ಪುರುಷ ಆಡುತ್ತಿದ್ದಾಗ, ಇತ್ತ ಅಚ್ಚಿನ ಪುಟದಲ್ಲಿ ಸ್ತ್ರೀ ತನ್ನ ಮಾತನ್ನು ತಾನೇ ಆಡತೊಡಗಿದ್ದಳು. ಆದರೆ ಇದೇ ತಿರುಮಲಾಂಬ ತಮ್ಮ ದೀರ್ಘ ಬದುಕಿನ ಕೊನೆಯ ದಶಕಗಳನ್ನು ಓದುಗರ ಕಣ್ಣಿಗೆ ಬೀಳದೆ, ಬರೆಯದೆ ಕಳೆದು 1982ರಲ್ಲಿ ತೀರಿಕೊಂಡರು. ಯುವತಿಯಾಗಿದ್ದಾಗ ದನಿ ದೊರಕಿಸಿಕೊಂಡವರು ವೃದ್ಧೆಯಾದಾಗ ಮರೆವಿಗೆ ಸಂದರು. ಹೀಗೆ ಸ್ತ್ರೀಯ ಪ್ರಶ್ನೆಯೊಂದಿಗೆ ವಯಸ್ಸಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಮಗನಿಗಿಂತ ಕಿರಿಯಳಾದ ತಾಯಿ

ಮಾತನಾಡುವ ಚಿತ್ರಗಳು ಬಂದವು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಾಗ ನಾಯಕಿಯ ಪಾತ್ರವನ್ನು ತ್ರಿಪುರಾಂಬ ಎಂಬ ಸ್ತ್ರೀಯೇ ವಹಿಸಿದ್ದರು. ಸ್ತ್ರೀಗೆ ತೆರೆಯ ಮೇಲೆ ಸ್ಥಾನ ದೊರಕಿತು. ಆದರೆ ಎಷ್ಟು ವರ್ಷಗಳ ಮಟ್ಟಿಗೆ?

1955ರ ಹಿಂದಿ ಚಿತ್ರ ‘ಮುನೀಮ್‌ಜಿ’ಯಲ್ಲಿ ದೇವಾನಂದ್ ನಾಯಕರು, ಅವರ ತಾಯಿಯ ಪಾತ್ರ ನಿರೂಪಾ ರಾಯ್ ಅವರದು. ದೇವಾನಂದ್ ಹುಟ್ಟಿದ್ದು 1923ರಲ್ಲಿ, ನಿರೂಪಾ ರಾಯ್ ಹುಟ್ಟಿದ್ದು 1931ರಲ್ಲಿ. ಎಂದರೆ ಮಗನು ತಾಯಿಗಿಂತ ಏಳು ವರ್ಷಕ್ಕೂ ಹೆಚ್ಚು ದೊಡ್ಡವನು! 1957ರ ‘ಮದರ್ ಇಂಡಿಯಾ’ದಲ್ಲಿ ತಾಯಿ ರಾಧೆಯಾಗಿ ನರ್ಗಿಸ್, ಮಗ ಬಿರ್ಜುವಾಗಿ ಸುನೀಲ್ ದತ್ ಅಭಿನಯಿಸಿದರು. ವಾಸ್ತವದಲ್ಲಿ ಅವರಿಬ್ಬರೂ ಸಮವಯಸ್ಕರು. ಮರುವರ್ಷ, 1958ರಲ್ಲಿ ವಿವಾಹವಾದರು. ಮುಂದೆ 1976ರ ‘ಕಭೀ ಕಭೀ’ಯಲ್ಲಿ ಅಮಿತಾಭ್ ಬಚ್ಚನ್ ಅವರ ಪ್ರೇಯಸಿಯಾಗಿದ್ದ ರಾಖೀ, ಆರೇ ವರ್ಷಗಳಲ್ಲಿ, 1982ರ ‘ಶಕ್ತಿ’ಯಲ್ಲಿ ಅವರಿಗೆ ತಾಯಿಯಾದರು. ವಯಸ್ಸಿನಲ್ಲಿ ರಾಖೀಯೇ ಕಿರಿಯರು.

ಕನ್ನಡದಲ್ಲೇನು ಬೇರೆಯಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಡಾ. ರಾಜಕುಮಾರ್ ಅವರಿಗೆ ಪಂಡರೀಬಾಯಿ ನಾಯಕಿ. 1986ರ ‘ಅನುರಾಗ ಅರಳಿತು’ ಚಿತ್ರಕ್ಕೆ ಬಂದಾಗ ರಾಜಕುಮಾರ್ ಅವರೇ ನಾಯಕರು. ಪಂಡರೀಬಾಯಿ ಮಾತ್ರ ಹಾಸಿಗೆ ಹಿಡಿದ ತಾಯಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮೂವತ್ತೆರಡು ವರ್ಷಗಳು ಒಬ್ಬರನ್ನು ಮುಟ್ಟದೆ ಹೋದವು. ಇನ್ನೊಬ್ಬರ ಮೇಲೆ ಇಮ್ಮಡಿಯಾಗಿ ಎರಗಿದವು.

ಇದು ಕಲಾವಿದರ ಮೇಲಿನ ದೂರಲ್ಲ. ಪಂಡರೀಬಾಯಿ, ನಿರೂಪಾ ರಾಯ್ ಮುಂತಾದವರು ತಾಯಿಯ ಪಾತ್ರಗಳಿಗೆ ಘನತೆ ತಂದರು; ಆ ಪಾತ್ರಗಳು ಅವರಿಗೆ ದೀರ್ಘಕಾಲದ ಜೀವನೋಪಾಯವೂ ಆದವು. ಕಾರಣವಿರುವುದು ವ್ಯವಸ್ಥೆಯಲ್ಲಿ. ಚಿತ್ರಕ್ಕೆ ಬಂಡವಾಳ ಹೂಡುವವರು ನಾಯಕನ ಹೆಸರನ್ನು ನಂಬಿ ಹೂಡಿದರು. ಕಥೆ ಅವನ ಸುತ್ತ ಹೆಣೆಯಲ್ಪಟ್ಟಿತು. ಅವನು ಯುವಕನಾಗಿಯೇ ಉಳಿಯಬೇಕಾದರೆ ಅವನೊಡನೆ ಅಭಿನಯಿಸಿದವಳು ಪಕ್ಕಕ್ಕೆ ಸರಿಯಬೇಕಾಯಿತು. ಹೀಗಾಗಿ ತೆರೆಯ ಮೇಲೆ ಸ್ತ್ರೀಗೆ ಉಳಿದದ್ದು ಎರಡೇ ವಯಸ್ಸು: ಇಪ್ಪತ್ತು ಮತ್ತು ಅರವತ್ತು. ಮೂವತ್ತೈದರ, ನಲವತ್ತೈದರ, ಐವತ್ತರ ಸ್ತ್ರೀ ಎಲ್ಲಿ ಹೋದಳು? ಮನೆ ನಡೆಸುವ, ಶಾಲೆಯಲ್ಲಿ ಕಲಿಸುವ, ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವ, ಹೊಲದಲ್ಲಿ ದುಡಿಯುವ, ಸಮಾಜದ ಅರ್ಧ ಭಾರವನ್ನು ಹೊತ್ತ ಆಕೆ ಕಥೆಯಿಂದಲೇ ಮಾಯವಾದಳು.

ಮನೆಯೊಳಗೆ ಬಂದ ಪರದೆ

ಚಿತ್ರಮಂದಿರಕ್ಕೆ ನಾವು ಹೋಗಬೇಕಿತ್ತು. ದೂರದರ್ಶನವೋ ನಮ್ಮ ಮನೆಯೊಳಗೇ ಬಂದು ಕುಳಿತಿತು. 1984ರ ಜುಲೈ 7ರಂದು ‘ಹಮ್ ಲೋಗ್’ ಧಾರಾವಾಹಿ ಆರಂಭವಾಯಿತು. 156 ಕಂತುಗಳ ಈ ಕಥೆಯ ಉದ್ದೇಶಗಳಲ್ಲಿ ಸ್ತ್ರೀಯರ ಸ್ಥಾನಮಾನವನ್ನು ಎತ್ತರಿಸುವುದೂ ಒಂದು. ಕಥೆಯಲ್ಲಿ ಭಾಗವಂತಿ ಎಂಬ ತಾಯಿಯಿದ್ದಳು. ಎಲ್ಲ ಅಪಮಾನಗಳನ್ನೂ ಬಾಯಿ ತೆರೆಯದೆ ನುಂಗುವವಳು. ಹೀಗಿರಬಾರದು ಎಂಬ ಎಚ್ಚರಿಕೆಯ ಪಾತ್ರವಾಗಿ ಅವಳನ್ನು ರಚಿಸಲಾಗಿತ್ತು. ಆದರೆ ಧಾರಾವಾಹಿಯ ಪರಿಣಾಮವನ್ನು ಅಧ್ಯಯನ ಮಾಡಿದ ಸಂಶೋಧಕರು ಕಂಡದ್ದೇನು? ಪ್ರೇಕ್ಷಕರಲ್ಲಿ ಅನೇಕರು, ಸ್ತ್ರೀಯರೂ ಸೇರಿದಂತೆ, ಭಾಗವಂತಿಯನ್ನೇ ಆದರ್ಶ ತಾಯಿಯೆಂದು ಸ್ವೀಕರಿಸಿದ್ದರು! ತೆರೆಯ ಮೇಲೆ ದಶಕಗಳ ಕಾಲ ಮೂಕವಾಗಿ ಸಹಿಸುವ ತಾಯಿಯನ್ನೇ ಪೂಜಿಸಿದ ಕಣ್ಣುಗಳಿಗೆ ಸಹನೆಯೇ ಸದ್ಗುಣವಾಗಿ ಕಂಡಿತು. ಅದರ ಹಿಂದಿನ ಅನ್ಯಾಯ ಕಾಣಲಿಲ್ಲ. ಓದುಗರೇ, ಒಂದು ಒಳ್ಳೆಯ ಉದ್ದೇಶ ಕೂಡ ಹಳೆಯ ರೂಢಿಯ ಮುಂದೆ ಎಷ್ಟು ದುರ್ಬಲವೆಂಬುದನ್ನು ಇದರಿಂದ ಅರಿಯಿರಿ.

2000ನೆಯ ವರ್ಷದ ನಂತರ ಖಾಸಗಿ ವಾಹಿನಿಗಳಲ್ಲಿ ಅತ್ತೆ ಸೊಸೆಯರ ಧಾರಾವಾಹಿಗಳ ಯುಗ ಬಂದಿತು. ಇಲ್ಲಿ ವಯಸ್ಸಾದ ಸ್ತ್ರೀ ಮೂಕಳಲ್ಲ, ನಿಜ. ಆದರೆ ಮಾತನಾಡಿದಾಗಲೆಲ್ಲ ಆಕೆ ಸಂಚುಗಾರ್ತಿಯಾದಳು. ಕಣ್ಣೀರಿಡುವ ತಾಯಿ, ವಿಷ ಕಾರುವ ಅತ್ತೆ: ವೃದ್ಧೆಗೆ ದೊರೆತ ಆಯ್ಕೆಗಳು ಇಷ್ಟೇ. ನಡುನಡುವೆ ಬರುವ ಜಾಹೀರಾತುಗಳು ಸುಕ್ಕನ್ನೂ ನರೆಯನ್ನೂ ರೋಗಗಳೆಂಬಂತೆ ಬಣ್ಣಿಸಿ ಔಷಧ ಮಾರಿದವು. ಸ್ತ್ರೀಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ ಕಾಯಿದೆ ನಮ್ಮ ದೇಶದಲ್ಲಿ 1986ರಲ್ಲೇ ಅಂಗೀಕಾರವಾಗಿದೆ. ಆದರೆ ಅಸಭ್ಯವಲ್ಲದ, ಮರ್ಯಾದೆಯ ಸೀರೆಯುಟ್ಟ ಈ ಸುಳ್ಳನ್ನು ಹಿಡಿಯಬಲ್ಲ ಕಾಯಿದೆ ಯಾವುದಿದೆ?

ಎಣಿಸಿ ನೋಡಿದವರು

ಕಥೆಗಳ ಮಾತು ಹಾಗಿರಲಿ, ವಾರ್ತೆಗಳಾದರೂ ವಾಸ್ತವವನ್ನು ತೋರಿಸುತ್ತವೆಯೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಸ್ತ್ರೀಯರು ಒಂದು ಸರಳ ಉಪಾಯ ಹೂಡಿದರು: ಎಣಿಸುವುದು. 1994ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಮೂಡಿದ ಈ ಆಲೋಚನೆಯನ್ನು ಕ್ರೈಸ್ತ ಸಂವಹನದ ಜಾಗತಿಕ ಸಂಘ ಮುಂದುವರಿಸಿಕೊಂಡು ಬಂದಿದೆ ಎಂಬುದು ನಮಗೆ ಸಂತೋಷದ ಸಂಗತಿ. 1995ರ ಜನವರಿ 18ರಂದು 71 ದೇಶಗಳ ಸ್ವಯಂಸೇವಕರು ಆ ಒಂದು ದಿನದ ಪತ್ರಿಕೆ, ರೇಡಿಯೋ, ಟಿವಿಗಳ ವಾರ್ತೆಗಳನ್ನು ಪರಿಶೀಲಿಸಿದರು. ಸುದ್ದಿಯಲ್ಲಿ ಕಾಣಿಸಿಕೊಂಡ, ಮಾತನಾಡಿದ, ಉಲ್ಲೇಖಗೊಂಡ ಜನರಲ್ಲಿ ಸ್ತ್ರೀಯರು ಕೇವಲ ಶೇಕಡಾ 17. ಇಪ್ಪತ್ತೈದು ವರ್ಷಗಳ ಬಳಿಕ, 2020ರ ಎಣಿಕೆಯಲ್ಲಿ ಆ ಸಂಖ್ಯೆ ಶೇಕಡಾ 25 ಆಗಿತ್ತು. ಜನಸಂಖ್ಯೆಯಲ್ಲಿ ಅರ್ಧವಿರುವವರು ಸುದ್ದಿಯಲ್ಲಿ ನಾಲ್ಕರಲ್ಲೊಬ್ಬರು! ಕಾಲು ಶತಮಾನದ ನಡಿಗೆ ಎಂಟು ಹೆಜ್ಜೆ ಮಾತ್ರ.

ಲೇಖನಿ ಯಾರ ಕೈಯಲ್ಲಿ?

ಹಾಗೆಂದು ನಿರಾಶರಾಗಬೇಕಿಲ್ಲ. ಎಂ.ಕೆ. ಇಂದಿರಾ ಅವರು ಮೊದಲ ಕಾದಂಬರಿ ‘ತುಂಗಭದ್ರಾ’ವನ್ನು ಪ್ರಕಟಿಸಿದ್ದು 1963ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ. ತೆರೆಯ ಮೇಲೆ ಸ್ತ್ರೀ ಮಾಯವಾಗುವ ವಯಸ್ಸಿನಲ್ಲಿ ಅವರ ಸಾಹಿತ್ಯ ಜೀವನ ಆರಂಭವಾಯಿತು. 1976ರ ಅವರ ‘ಫಣಿಯಮ್ಮ’ ಬಾಲ್ಯದಲ್ಲೇ ವಿಧವೆಯಾಗಿ, ನೂರು ವರ್ಷ ದಾಟಿ ಬದುಕಿದ ಒಬ್ಬಾಕೆಯ ಕಥೆ. ಮಡಿಯ ಕಟ್ಟಳೆಗಳ ನಡುವೆ ಬೆಳೆದ ಆಕೆ, ಅಸ್ಪೃಶ್ಯರೆನಿಸಿಕೊಂಡವರ ಮನೆಯಲ್ಲಿ ಹೆರಿಗೆಯ ನೋವಿನಿಂದ ನರಳುತ್ತಿದ್ದ ತಾಯಿಯ ನೆರವಿಗೆ ರಾತ್ರಿ ಹೊರಟು ನಿಲ್ಲುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಕಿರಿಯ ವಿಧವೆಯ ಪರವಾಗಿ ಮಾತನಾಡುತ್ತಾಳೆ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಿತ್ರವಾಗಿಸಿದರು, ಎಲ್.ವಿ. ಶಾರದಾ ಫಣಿಯಮ್ಮನಾದರು. ವೃದ್ಧೆಯೊಬ್ಬಳು ಕಣ್ಣೀರಿನ ಬೊಂಬೆಯಾಗದೆ, ಸಂಚುಗಾರ್ತಿಯೂ ಆಗದೆ, ಯೋಚಿಸುವ ಮತ್ತು ನಿರ್ಧರಿಸುವ ಮನುಷ್ಯಳಾಗಿ ಕಂಡಳು. ಬರೆದವರೂ ನಿರ್ದೇಶಿಸಿದವರೂ ಸ್ತ್ರೀಯರೇ ಎಂಬುದು ಆಕಸ್ಮಿಕವಲ್ಲ.

ಇತ್ತೀಚಿನ ಒಂದು ಸಂಗತಿ ಕೇಳಿ. 2017ರಲ್ಲಿ ಹಿರಿಯ ನಟಿ ನೀನಾ ಗುಪ್ತಾ, ತಾನು ಒಳ್ಳೆಯ ನಟಿ, ಒಳ್ಳೆಯ ಪಾತ್ರಗಳಿಗಾಗಿ ಹುಡುಕುತ್ತಿದ್ದೇನೆ ಎಂದು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿ ಕೆಲಸ ಕೇಳಿದರು. ಆಗ ಅವರಿಗೆ ಐವತ್ತೆಂಟು. ಮರುವರ್ಷ ತೆರೆಕಂಡ ‘ಬಧಾಯಿ ಹೋ’ ಚಿತ್ರದಲ್ಲಿ, ಬೆಳೆದ ಮಕ್ಕಳಿರುವಾಗ ಮತ್ತೆ ಗರ್ಭಿಣಿಯಾಗುವ ತಾಯಿಯಾಗಿ ಅವರು ಅಭಿನಯಿಸಿದರು. ಜನ ಮುಗಿಬಿದ್ದು ನೋಡಿದರು. ಪ್ರೇಕ್ಷಕರು ಇಂಥದ್ದನ್ನು ಒಪ್ಪುವುದಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಪ್ರಿಯ ಓದುಗರೇ, ಪ್ರೇಕ್ಷಕರೆಂದರೆ ಬೇರೆ ಯಾರೋ ಅಲ್ಲ, ನೀವು ಮತ್ತು ನಾನು. ನಮ್ಮ ಮನೆಯ ಹುಡುಗಿ ಈ ತೆರೆಯನ್ನು ನೋಡುತ್ತಾ ತನಗೆ ಬೆಲೆಯಿರುವುದು ಇಪ್ಪತ್ತೈದರವರೆಗೆ ಮಾತ್ರ ಎಂದು ಕಲಿಯುತ್ತಿದ್ದಾಳೆಯೇ? ನಮ್ಮ ಹುಡುಗ, ತಾಯಿಯೆಂದರೆ ದುಡಿದು ಅತ್ತು ಸುಮ್ಮನಿರುವವಳು ಎಂದು ಕಲಿಯುತ್ತಿದ್ದಾನೆಯೇ? ಮೂಲೆಯ ಕುರ್ಚಿಯಲ್ಲಿ ಕುಳಿತು ಅದೇ ಧಾರಾವಾಹಿ ನೋಡುವ ಅಜ್ಜಿ, ಅಲ್ಲಿ ತನ್ನಂಥವಳನ್ನು ಒಮ್ಮೆಯಾದರೂ ಕಂಡಿದ್ದಾಳೆಯೇ? ಟಿವಿಯನ್ನು ಹೊರಗೆಸೆಯುವುದು ಇದಕ್ಕೆ ಪರಿಹಾರವಲ್ಲ. ಕುಟುಂಬವೆಲ್ಲ ಕೂಡಿ ನೋಡುವಾಗ ಎರಡು ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳಿರಿ. ಈ ಕಥೆಯಲ್ಲಿ ನಲವತ್ತು ದಾಟಿದ ಸ್ತ್ರೀ ಇದ್ದಾಳೆಯೇ? ಇದ್ದರೆ, ಅವಳು ತನಗಾಗಿ ಏನನ್ನಾದರೂ ಬಯಸುತ್ತಾಳೆಯೇ? ಮಕ್ಕಳು ಈ ಲೆಕ್ಕವನ್ನು ಬೇಗ ಕಲಿಯುತ್ತಾರೆ. ಆ ಬಳಿಕ ಟಿವಿಯ ಸದ್ದು ತಗ್ಗಿಸಿ, ನಿಮ್ಮ ಅಜ್ಜಿಯನ್ನು ಆಕೆಯ ನಲವತ್ತನೆಯ ವಯಸ್ಸಿನ ಬಗ್ಗೆ ಕೇಳಿರಿ. ಯಾವ ತೆರೆಯೂ ತೋರಿಸದ ಕಥೆಯೊಂದು ನಿಮ್ಮ ಮನೆಯಲ್ಲೇ ನಿಮಗಾಗಿ ಕಾದಿದೆ.