ವೆಕ್ಟರ್ ವಿನ್ಯಾಸದ ಮುದ್ರಣ ದೋಷಗಳು

ಕೋರೆಲ್‌ಡ್ರಾ, ಇಲಸ್ಟ್ರೇಟರ್, ಇಂಕ್‌ಸ್ಕೇಪ್ ಮುಂತಾದ ತಂತ್ರಾಂಶಗಳಲ್ಲಿ ರಚಿಸಿದ ಕಡತವನ್ನು ಅಚ್ಚು ಹಾಕಿದಾಗ ಕಾಣಿಸಿಕೊಳ್ಳುವ ಬೇಡದ ಗೆರೆ, ತೂತು, ಚೌಕಗಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳಂಥ ಕನ್ನಡ ಕೆಲಸದಲ್ಲಿ ಅಕ್ಷರದೊಳಗಿನ ಬಿಳಿ ತೂತಿನ ಬಗ್ಗೆ ವಿಶೇಷ ಎಚ್ಚರ ಬೇಕು.

ಅಕ್ಷರದ ತೂತು: ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಂಥ ಹಳೆಯ ಸಂಕೇತ ವ್ಯವಸ್ಥೆಯ ಫಾಂಟ್‌ಗಳಲ್ಲಿ ಅಕ್ಷರ, ಗುಣಿತ, ಒತ್ತುಗಳು ಬೇರೆ ಬೇರೆ ತುಂಡುಗಳು. ಕೋರೆಲ್‌ಡ್ರಾದಲ್ಲಿ ‘ಹೊಸದುರ್ಗ’ ಪದವನ್ನು ಕರ್ವ್ಸ್‌ಗೆ (ಗೆರೆರೂಪಕ್ಕೆ) ಬದಲಿಸಿ ‘ಕಂಬೈನ್’ ಮಾಡಿದರೆ, ‘ದು’ವಿನ ಕೊಂಬು ಅಕ್ಷರದ ಮೇಲೆ ಹಾಯ್ದ ಭಾಗ ಬಣ್ಣವಿಲ್ಲದೆ ಉಳಿಯಬಹುದು. ‘ವೆಲ್ಡ್’ ಮಾಡಿದರೆ ತುಂಡುಗಳು ಒಂದಾಗಿ ತೂತು ಮುಚ್ಚುತ್ತದೆ.

ಬಿಳಿ ಗೆರೆ: ಪಿಡಿಎಫ್ ಮಾಡುವಾಗ ಪಾರದರ್ಶಕ ನೆರಳುಗಳು ತುಂಡಾದರೆ ಮೂಡುತ್ತದೆ. ಹಿಗ್ಗಿಸಿ ನೋಡಿದರೂ ಗೆರೆಯ ದಪ್ಪ ಬದಲಾಗದಿದ್ದರೆ ಅದು ಬಹುಮಟ್ಟಿಗೆ ಪರದೆಯ ದೋಷ. ಪಾರದರ್ಶಕತೆಯನ್ನು ಹಾಗೆಯೇ ಉಳಿಸುವ ಪಿಡಿಎಫ್/ಎಕ್ಸ್-4 ಮಾದರಿಯಲ್ಲಿ ಕಳಿಸುವುದು ಪರಿಹಾರ.

ಮಾಯವಾಗುವ ಗೆರೆ: ‘ಹೇರ್‌ಲೈನ್’ ಎಂಬ ಅತಿ ತೆಳು ಗೆರೆಯ ದಪ್ಪವು ಯಂತ್ರಕ್ಕೆ ತಕ್ಕಂತೆ ಬದಲಾಗಿ, ಅಚ್ಚಿನಲ್ಲಿ ಕಾಣದೆ ಹೋಗಬಹುದು; ಕನಿಷ್ಠ 0.25 ಪಾಯಿಂಟ್ ಕೊಡುವುದು ಸುರಕ್ಷಿತ.

ದೋಷದ ಮೂಲ ತಿಳಿಯದಿದ್ದರೆ ವಸ್ತುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಾ ಪ್ರತಿ ತೆಗೆಯಬೇಕು. ಮುದ್ರಣದ ಪ್ಲೇಟ್ ಮಾಡುವ ಮೊದಲೇ ಈ ಪರೀಕ್ಷೆ ಮುಗಿದರೆ ಕಾಗದವೂ ಹಣವೂ ಉಳಿಯುತ್ತವೆ.